‘ಶುಗರ್‌ಕೇನ್’ ಸಾಕ್ಷ್ಯಚಿತ್ರ ನೋಡಿದೆ. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳಿಗೆಂದು ನಡೆಸುತ್ತಿದ್ದ ವಸತಿ ಶಾಲೆಗಳಲ್ಲಿ ನಿಜಕ್ಕೂ ಮಕ್ಕಳ ಶವಗಳು ಸಿಕ್ಕಿವೆಯೇ?

ನೀವು ಓದಿರಬಹುದಾದ ‘215 ಶವ ಸಿಕ್ಕವು’ ಎಂಬ ಸುದ್ದಿಯೂ ತಪ್ಪು, ‘ಒಂದೂ ಸಿಕ್ಕಿಲ್ಲ, ಆದ್ದರಿಂದ ಎಲ್ಲ ಕಟ್ಟುಕಥೆ’ ಎಂಬ ವಾದವೂ ತಪ್ಪು. ಆ ಸಂಖ್ಯೆ ಬಂದದ್ದು ನೆಲ ಶೋಧಿಸುವ ರೇಡಾರ್‌ನಿಂದ; ಅದು ಏನನ್ನು ತೋರಿಸುತ್ತದೆ ಎಂದು ಇಬ್ಬರೂ ವಿಚಾರಿಸಿಲ್ಲ.

ನೆಲದೊಳಗೆ ಅಲೆ ಕಳಿಸುವ ಈ ರೇಡಾರ್ ಮೂಳೆಯನ್ನು ಗುರುತಿಸುವುದಿಲ್ಲ. ತಳ್ಳುಗಾಡಿಯಂಥ ಯಂತ್ರವನ್ನು ಒತ್ತೊತ್ತಾದ ಗೆರೆಗಳಲ್ಲಿ ಓಡಿಸುತ್ತಾರೆ. ಒಮ್ಮೆ ಅಗೆದು ಮುಚ್ಚಿದ ಮಣ್ಣಿನಿಂದ ಅಲೆ ಬೇರೆ ಥರ ಮರಳುತ್ತದೆ. ಗುಂಡಿಯ ಅಳತೆ, ಆಳ, ದಿಕ್ಕು ನೋಡಿ ‘ಸಮಾಧಿ ಇರಬಹುದು’ ಎನ್ನುತ್ತಾರೆ, ಅಷ್ಟೇ. ಮರದ ಬೇರು, ಬಂಡೆ, ಹಳೇ ಪೈಪು ದಾರಿ ತಪ್ಪಿಸುತ್ತವೆ. ಒದ್ದೆ ಜೇಡಿಮಣ್ಣಿನಲ್ಲಂತೂ ಅಲೆ ಆಳಕ್ಕೆ ಇಳಿಯುವುದೇ ಇಲ್ಲ. 2021ರ ಮೇನಲ್ಲಿ ಕ್ಯಾಮ್‌ಲೂಪ್ಸ್ ಊರಿನ ಶಾಲೆಯ ಬಗ್ಗೆ ಹೇಳಿದ 215 ಜುಲೈಗೆ 200 ಆಯಿತು. ಹಿಂದೆಯೇ ಅಗೆತ ನಡೆದಿದ್ದ ಜಾಗವನ್ನು ಲೆಕ್ಕದಿಂದ ಕೈಬಿಟ್ಟದ್ದೇ ಕಾರಣ. ಚಿತ್ರದಲ್ಲಿರುವ ಸೇಂಟ್ ಜೋಸೆಫ್ಸ್ ಮಿಷನ್ ಶಾಲೆಯಲ್ಲಿ 2022ರ ಜನವರಿಯಲ್ಲಿ ಪ್ರಕಟಿಸಿದ್ದು 93 ಗುರುತು. ಆಗ ಹುಡುಕಿದ್ದು 470 ಹೆಕ್ಟೇರಿನಲ್ಲಿ 14 ಮಾತ್ರ. ಅಗೆದೇ ನೋಡಬಹುದಲ್ಲ ಎನ್ನುವವರಿದ್ದಾರೆ. ಒಂದೊಂದು ಶಾಲೆಗೂ ಹಲವು ಬುಡಕಟ್ಟುಗಳ ಮಕ್ಕಳನ್ನು ತಂದಿದ್ದರು. ಅಷ್ಟೂ ಸಮುದಾಯಗಳು ಕೂತು ಒಪ್ಪದೆ ಗುದ್ದಲಿ ಹಾಕುವುದು ಹೇಗೆ?

ಮಕ್ಕಳು ಸತ್ತರು ಎನ್ನಲು ರೇಡಾರ್ ಬೇಕಾಗಿಯೂ ಇಲ್ಲ. ಈ ಶಾಲೆಗಳ ಚರಿತ್ರೆಯನ್ನು ವಿಚಾರಿಸಿದ ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲೇ ದಾಖಲೆಗಳಿಂದ ಸುಮಾರು 3,200 ಸಾವುಗಳನ್ನು ಎಣಿಸಿತ್ತು. ಅವುಗಳಲ್ಲಿ ಶೇ. 32ರಷ್ಟಕ್ಕೆ ಮಗುವಿನ ಹೆಸರನ್ನೇ ಬರೆದಿರಲಿಲ್ಲ, ಶೇ. 49ಕ್ಕೆ ಸಾವಿನ ಕಾರಣವಿಲ್ಲ. ಶವವನ್ನು ಊರಿಗೆ ಕಳಿಸುವ ಖರ್ಚು ಸರಕಾರಕ್ಕೆ ಬೇಡವಾಗಿತ್ತು, ಹಾಗಾಗಿ ಶಾಲೆಯ ಪಕ್ಕದಲ್ಲೇ ಹೂಳುತ್ತಿದ್ದರು. ಮರದ ಶಿಲುಬೆ ಎಷ್ಟು ವರ್ಷ ನಿಂತೀತು? ಕ್ಷಯ ಹರಡುತ್ತಿದೆ ಎಂದು ಸರಕಾರದ ವೈದ್ಯ ಪೀಟರ್ ಬ್ರೈಸ್ 1907ರಲ್ಲೇ ವರದಿ ಕೊಟ್ಟಿದ್ದರು. 1936ರಿಂದ 1944ರ ನಡುವೆ ಮೂಲನಿವಾಸಿಗಳ ವ್ಯವಹಾರದ ಇಲಾಖೆ ನಾಶಮಾಡಿದ ಕಡತಗಳೇ 2 ಲಕ್ಷ.

ಹೆಸರು ನೋಡಿ ಕಬ್ಬಿನ ಗದ್ದೆ ಹುಡುಕಬೇಡಿ; ಶುಗರ್ ಕೇನ್ ಎಂಬುದು ವಿಲಿಯಮ್ಸ್ ಲೇಕ್ ಪಕ್ಕದ ಮೂಲನಿವಾಸಿಗಳ ವಸತಿ. ನನ್ನ ಪ್ರಕಾರ ಚಿತ್ರದ ತಿರುಳು ಸಮಾಧಿಗಳಲ್ಲೂ ಇಲ್ಲ, ಶಾಲೆಯ ಕಸ ಸುಡುವ ಒಲೆಯಲ್ಲಿದೆ. ನಿರ್ದೇಶಕರಲ್ಲೊಬ್ಬರಾದ ಜೂಲಿಯನ್ ಬ್ರೇವ್ ನಾಯ್ಸ್‌ಕ್ಯಾಟ್ ಅವರ ತಂದೆ 1959ರಲ್ಲಿ ಹಸುಗೂಸಾಗಿ ಸಿಕ್ಕಿದ್ದು ಅದರೊಳಗೇ. ಅಲ್ಲಿ ಬೆಂದುಹೋದವೆಂದು ಶಾಲೆಯಿಂದ ಬದುಕುಳಿದವರು ಹೇಳುವ ಕೂಸುಗಳನ್ನು ಯಾವ ರೇಡಾರೂ ಎಣಿಸಲಾರದು.