ವಿಶ್ವವಿದ್ಯಾಲಯದ ಅಧ್ಯಕ್ಷರ ವೃತ್ತಿಜೀವನ ಹೇಗಿರುತ್ತದೆ? ಕ್ಲಾರ್ಕ್ ಕೆರ್ ಅವರನ್ನು ಮುಂದಿಟ್ಟುಕೊಂಡು ಒಂದು ಉತ್ತರ

ಅಮೆರಿಕದ ಸಾರ್ವಜನಿಕ ವಿಶ್ವವಿದ್ಯಾಲಯವೊಂದರ ಅಧ್ಯಕ್ಷರಾಗಲು ಒಳ್ಳೆಯ ಅಧ್ಯಾಪಕರಾಗಿದ್ದರೆ ಸಾಕೇ, ಅಂಥವರು ನಡೆದು ಬರುವ ದಾರಿ ಯಾವುದು, ಆಡಳಿತ ಮಂಡಳಿಯೇ ಅವರನ್ನು ಹುದ್ದೆಯಿಂದ ಇಳಿಸಿದರೆ ಅಷ್ಟು ವರ್ಷಗಳ ದುಡಿಮೆ ವ್ಯರ್ಥವಾಯಿತೆಂದು ತಿಳಿಯಬೇಕೇ ಎಂದು ನೀವು ಕೇಳಿದ್ದೀರಿ. ನಾನು ಆ ದೇಶದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಬಹಳ ಕಾಲ ಅರ್ಥಶಾಸ್ತ್ರ ಕಲಿಸಿದವನು. ಅಧ್ಯಕ್ಷರನ್ನು ಆರಿಸುವ ಶೋಧನಾ ಸಮಿತಿಯಲ್ಲಿ ಎರಡು ಬಾರಿ ಅಧ್ಯಾಪಕರ ಪ್ರತಿನಿಧಿಯಾಗಿ ಕೆಲಸ ಮಾಡಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಮೊದಲ ಪ್ರಶ್ನೆಗೆ ನನ್ನ ಉತ್ತರ ‘ಸಾಲದು’, ಕೊನೆಯ ಪ್ರಶ್ನೆಗೆ ‘ಖಂಡಿತ ಇಲ್ಲ’.

ದಾರಿಯ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ಸಾಮಾನ್ಯವಾಗಿ ಅಧ್ಯಾಪಕರಾಗಿ ಖಾಯಂ ಹುದ್ದೆ ಪಡೆದವರು ವಿಭಾಗದ ಮುಖ್ಯಸ್ಥರಾಗಿ, ಡೀನ್ ಆಗಿ, ಆಮೇಲೆ ಶೈಕ್ಷಣಿಕ ವ್ಯವಹಾರಗಳ ಹೊಣೆ ಹೊತ್ತ ಪ್ರೊವೋಸ್ಟ್ ಆಗಿ, ಕೊನೆಗೆ ಅಧ್ಯಕ್ಷರಾಗುತ್ತಾರೆ. ರಾಜಕಾರಣದಿಂದಲೋ ಉದ್ಯಮದಿಂದಲೋ ನೇರವಾಗಿ ಬರುವವರೂ ಇದ್ದಾರೆ. ನೇಮಿಸುವ ಮತ್ತು ತೆಗೆದುಹಾಕುವ ಅಧಿಕಾರ ರೀಜೆಂಟ್ ಅಥವಾ ಟ್ರಸ್ಟೀ ಎಂದು ಕರೆಯಲಾಗುವ ಸದಸ್ಯರ ಮಂಡಳಿಗಿದೆ. ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಆ ಸದಸ್ಯರನ್ನು ಹೆಚ್ಚಾಗಿ ರಾಜ್ಯದ ಗವರ್ನರ್ ನೇಮಿಸುತ್ತಾರೆ, ಕೆಲವೆಡೆ ಜನರೇ ಚುನಾಯಿಸುತ್ತಾರೆ. ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಆಗ ಹುದ್ದೆಯಲ್ಲಿದ್ದ ಅಧ್ಯಕ್ಷರು ಅಲ್ಲಿಗೆ ಬಂದು ಸರಾಸರಿ 5.9 ವರ್ಷವಾಗಿತ್ತು, 2006ರಲ್ಲಿ ಈ ಸರಾಸರಿ 8.5 ವರ್ಷವಿತ್ತು. ಹುದ್ದೆ ಎಷ್ಟು ಅಸ್ಥಿರವಾಗುತ್ತಿದೆ ಎಂಬುದಕ್ಕೆ ಈ ಎರಡು ಅಂಕಿಗಳೇ ಸಾಕು.

ಆದರೆ ಈ ಮೆಟ್ಟಿಲುಗಳ ಪಟ್ಟಿಯಿಂದ ಕೆಲಸದ ಸ್ವರೂಪ ತಿಳಿಯುವುದಿಲ್ಲ. ಅದನ್ನು ತಿಳಿಯಲು ಕ್ಲಾರ್ಕ್ ಕೆರ್ ಅವರ ಜೀವನವನ್ನು ನೋಡಬೇಕೆಂದು ನಾನು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. 1958ರಿಂದ 1967ರವರೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು ಅವರು. ಅಲ್ಲಿ ಒಂದೊಂದು ಕ್ಯಾಂಪಸ್ಸಿಗೂ ಒಬ್ಬ ಚಾನ್ಸಲರ್ ಇರುತ್ತಾರೆ, ಎಲ್ಲ ಕ್ಯಾಂಪಸ್ಸುಗಳ ಮೇಲೆ ಒಬ್ಬ ಅಧ್ಯಕ್ಷರಿರುತ್ತಾರೆ. ನಮ್ಮಲ್ಲಿ ಕುಲಾಧಿಪತಿ ಎಂದರೆ ತಿಳಿಯುವ ಅರ್ಥವನ್ನು ಅಲ್ಲಿನ ಚಾನ್ಸಲರ್ ಪದಕ್ಕೆ ಹೊಂದಿಸಿದರೆ ಗೊಂದಲವಾಗುತ್ತದೆ.

ಕೆರ್ 1911ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದರು. ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಓದುವಾಗ ಕ್ವೇಕರ್ ಎಂಬ ಶಾಂತಿವಾದಿ ಕ್ರೈಸ್ತ ಪಂಥವನ್ನು ಒಪ್ಪಿಕೊಂಡರು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು, 1933ರಲ್ಲಿ ಹತ್ತಿ ಬಿಡಿಸುವ ಕೂಲಿಗಳ ಮುಷ್ಕರವನ್ನು ಹೊಲಗಳಿಗೇ ಹೋಗಿ ಅಧ್ಯಯನ ಮಾಡಿದರು. 1939ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಅವರು ಮುಗಿಸಿದ ಡಾಕ್ಟರೇಟ್ ಪ್ರಬಂಧದ ವಿಷಯ, ಕೆಲಸ ಕಳೆದುಕೊಂಡವರು ತಾವೇ ಕಟ್ಟಿಕೊಂಡ ಸಹಕಾರಿ ಸಂಘಗಳು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಅನಂತರವೂ ಮಾಲೀಕರ ಮತ್ತು ಕಾರ್ಮಿಕ ಸಂಘಗಳ ನಡುವೆ ಮಧ್ಯಸ್ಥಿಕೆ ವಹಿಸುವುದು ಅವರ ವೃತ್ತಿಯ ದೊಡ್ಡ ಭಾಗವೇ ಆಯಿತು. 1945ರಲ್ಲಿ ಬರ್ಕ್ಲಿಯ ಕೈಗಾರಿಕಾ ಸಂಬಂಧಗಳ ಸಂಸ್ಥೆಯ ಮುಖ್ಯಸ್ಥರಾಗಿ ಮರಳಿದರು. ಒಂದೇ ಮೇಜಿನ ಎರಡು ಬದಿಯಲ್ಲಿ ಸಿಟ್ಟಿನಿಂದ ಕುಳಿತವರ ಮಾತನ್ನು ಗಂಟೆಗಟ್ಟಲೆ ಕೇಳಿ, ಇಬ್ಬರೂ ಸಹಿ ಹಾಕಬಲ್ಲ ಕಾಗದವೊಂದನ್ನು ಬರೆಯುವ ಈ ಕಲೆ, ಅವರ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಅವರನ್ನು ಅಧ್ಯಕ್ಷ ಪದವಿಗೆ ಸಿದ್ಧಗೊಳಿಸಿತೆಂದು ನಾನು ನಂಬುತ್ತೇನೆ.

ಅವರು ಆಡಳಿತಕ್ಕೆ ಬಂದ ಸಂದರ್ಭವನ್ನು ನೀವು ವಿಶೇಷವಾಗಿ ಗಮನಿಸಬೇಕು. 1949ರಲ್ಲಿ ರೀಜೆಂಟರು ಅಧ್ಯಾಪಕರೆಲ್ಲ ಕಮ್ಯುನಿಸ್ಟ್ ವಿರೋಧಿ ನಿಷ್ಠಾ ಪ್ರಮಾಣಕ್ಕೆ ಸಹಿ ಹಾಕಬೇಕೆಂದು ವಿಧಿಸಿದರು. ಕೆರ್ ತಾವು ಸಹಿ ಹಾಕಿದರು, ಆದರೆ ಸಹಿ ಹಾಕಲು ಒಪ್ಪದ ಸಹೋದ್ಯೋಗಿಗಳ ಪರವಾಗಿ ಅಧ್ಯಾಪಕರ ಸಮಿತಿಯ ಸದಸ್ಯರಾಗಿ ರೀಜೆಂಟರ ಮುಂದೆಯೇ ವಾದಿಸಿದರು. 1950ರ ಆಗಸ್ಟ್‌ನಲ್ಲಿ 31 ಅಧ್ಯಾಪಕರನ್ನು ವಜಾ ಮಾಡಲಾಯಿತು. ಎರಡು ವರ್ಷಗಳ ಬಳಿಕ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ತೀರ್ಪು ವಜಾಗೊಂಡವರ ಪರವಾಗಿ ಬಂತು. ಅದೇ 1952ರಲ್ಲಿ ಬರ್ಕ್ಲಿಗೆ ಮೊದಲ ಚಾನ್ಸಲರ್ ಬೇಕಾದಾಗ ಅಧ್ಯಾಪಕರು ಕೆರ್ ಅವರನ್ನು ಬಯಸಿದರು. ಆಡಳಿತದ ಹುದ್ದೆಗಳನ್ನು ಒಂದೊಂದಾಗಿ ಏರಿ ಗಳಿಸಿದ ಅರ್ಹತೆ ಇದಲ್ಲ. ಕಷ್ಟಕಾಲದಲ್ಲಿ ಸಹೋದ್ಯೋಗಿಗಳಿಗಾಗಿ ಎದ್ದು ನಿಂತದ್ದರಿಂದ ಬಂದ ನಂಬಿಕೆ. ಶೋಧನಾ ಸಮಿತಿಯಲ್ಲಿ ಕುಳಿತಾಗ ನಾನು ಅಭ್ಯರ್ಥಿಗಳ ದೀರ್ಘ ಪರಿಚಯಪತ್ರಗಳಲ್ಲಿ ಹುಡುಕುತ್ತಿದ್ದದ್ದು ಇಂಥ ಒಂದು ಸಾಲನ್ನು, ಮತ್ತು ಅದು ಸಿಗುತ್ತಿದ್ದದ್ದು ತೀರ ಅಪರೂಪ.

1958ರಲ್ಲಿ, 28 ವರ್ಷ ಅಧ್ಯಕ್ಷರಾಗಿದ್ದ ರಾಬರ್ಟ್ ಗಾರ್ಡನ್ ಸ್ಪ್ರೌಲ್ ನಿವೃತ್ತರಾದ ಮೇಲೆ ಕೆರ್ ಆ ಸ್ಥಾನಕ್ಕೆ ಬಂದರು. ಸ್ಪ್ರೌಲ್ ಎಲ್ಲ ನಿರ್ಧಾರಗಳನ್ನೂ ತಮ್ಮ ಬಳಿ ಇಟ್ಟುಕೊಂಡಿದ್ದರೆ, ಕೆರ್ ಕ್ಯಾಂಪಸ್ಸುಗಳ ಚಾನ್ಸಲರುಗಳಿಗೆ ಅಧಿಕಾರವನ್ನು ಹಂಚಿಕೊಟ್ಟರು. ಅವರ ಅತಿ ದೊಡ್ಡ ಕೆಲಸ 1960ರ ಉನ್ನತ ಶಿಕ್ಷಣದ ಮಹಾಯೋಜನೆ. ಆ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಯುದ್ಧಾನಂತರ ಹುಟ್ಟಿದ ಮಕ್ಕಳ ದೊಡ್ಡ ಅಲೆಯೊಂದು ಕಾಲೇಜಿನ ಬಾಗಿಲಿಗೆ ಬರುವುದರಲ್ಲಿತ್ತು. ಪ್ರತಿ ಶಾಸಕರಿಗೂ ತಮ್ಮ ಕ್ಷೇತ್ರಕ್ಕೊಂದು ಕಾಲೇಜು ಬೇಕಿತ್ತು. ರಾಜ್ಯ ಕಾಲೇಜುಗಳು ತಮಗೂ ಡಾಕ್ಟರೇಟ್ ಕೊಡುವ ಹಕ್ಕು ಬೇಕೆಂದು ಕೇಳುತ್ತಿದ್ದವು. ತಿಂಗಳುಗಟ್ಟಲೆ ನಡೆದ ಮಾತುಕತೆಯ ಫಲವಾಗಿ ಬಂದ ಒಪ್ಪಂದದಲ್ಲಿ, ಪ್ರೌಢಶಾಲೆ ಮುಗಿಸಿದವರ ಪೈಕಿ ಮೇಲಿನ ಎಂಟನೆಯ ಒಂದು ಭಾಗಕ್ಕೆ ವಿಶ್ವವಿದ್ಯಾಲಯದಲ್ಲಿಯೂ, ಮೇಲಿನ ಮೂರನೆಯ ಒಂದು ಭಾಗಕ್ಕೆ ರಾಜ್ಯ ಕಾಲೇಜುಗಳಲ್ಲಿಯೂ ಅವಕಾಶ ದೊರೆಯಿತು. ಉಳಿದ ಎಲ್ಲರಿಗೂ ಎರಡು ವರ್ಷಗಳ ಜೂನಿಯರ್ ಕಾಲೇಜುಗಳ ಬಾಗಿಲು ತೆರೆದಿತ್ತು, ಅಲ್ಲಿ ಚೆನ್ನಾಗಿ ಓದಿದವರು ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದಿತ್ತು. ಗವರ್ನರ್ ಪ್ಯಾಟ್ ಬ್ರೌನ್ ಏಪ್ರಿಲ್‌ನಲ್ಲಿ ಅದಕ್ಕೆ ಕಾನೂನಿನ ರೂಪ ಕೊಟ್ಟರು. ಬಡವರ ಮನೆಯ ಮಗುವಿಗೂ ಎಲ್ಲಾದರೊಂದು ಕಡೆ ಜಾಗ ಉಂಟೆಂದು ಒಂದು ರಾಜ್ಯ ಬರವಣಿಗೆಯಲ್ಲಿ ಮಾತು ಕೊಟ್ಟದ್ದು ನನಗೆ ಇಂದಿಗೂ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಸ್ಯಾನ್ ಡಿಯೇಗೊ, ಅರ್ವೈನ್, ಸ್ಯಾಂಟಾ ಕ್ರೂಜ್ ಕ್ಯಾಂಪಸ್ಸುಗಳು ಪದವಿ ವಿದ್ಯಾರ್ಥಿಗಳಿಗೆ ತೆರೆದದ್ದೂ ಅವರ ಅವಧಿಯಲ್ಲಿಯೇ.

ಇನ್ನು ಸೋಲಿನ ಭಾಗ. 1964ರ ಸೆಪ್ಟೆಂಬರ್‌ನಲ್ಲಿ, ಕೆರ್ ವಿದೇಶ ಪ್ರವಾಸದಲ್ಲಿದ್ದಾಗ, ಬರ್ಕ್ಲಿಯ ಆಡಳಿತವು ಕ್ಯಾಂಪಸ್ಸಿನ ಅಂಚಿನಲ್ಲಿ ವಿದ್ಯಾರ್ಥಿಗಳು ಮೇಜು ಹಾಕಿ ರಾಜಕೀಯ ಪ್ರಚಾರ ನಡೆಸುವುದನ್ನು ನಿಷೇಧಿಸಿತು. ಆ ವಿದ್ಯಾರ್ಥಿಗಳಲ್ಲಿ ಹಲವರು ಕರಿಯರ ನಾಗರಿಕ ಹಕ್ಕುಗಳ ಹೋರಾಟದಲ್ಲಿ ತೊಡಗಿದ್ದವರು. ಮರಳಿ ಬಂದ ಕೆರ್ ಆದೇಶ ತಪ್ಪೆಂದು ತಿಳಿದರೂ ಕೂಡಲೇ ರದ್ದುಪಡಿಸದೆ ರಾಜಿಯ ದಾರಿ ಹುಡುಕಿದರು. ಅಕ್ಟೋಬರ್ 1ರಂದು ಬಂಧಿತನೊಬ್ಬನನ್ನು ಕೂರಿಸಿದ್ದ ಪೊಲೀಸ್ ಕಾರನ್ನು ವಿದ್ಯಾರ್ಥಿಗಳು 32 ಗಂಟೆ ಸುತ್ತುವರಿದರು. ಡಿಸೆಂಬರ್ ಮೊದಲ ವಾರದಲ್ಲಿ ಆಡಳಿತ ಕಟ್ಟಡವಾದ ಸ್ಪ್ರೌಲ್ ಹಾಲ್‌ನಲ್ಲಿ ಧರಣಿ ಕುಳಿತ ಸುಮಾರು 800 ಮಂದಿಯ ಬಂಧನವಾಯಿತು. ಡಿಸೆಂಬರ್ 8ರಂದು ಅಧ್ಯಾಪಕರ ಸೆನೆಟ್ 824ಕ್ಕೆ 115 ಮತಗಳಿಂದ ವಿದ್ಯಾರ್ಥಿಗಳ ಬೇಡಿಕೆಯ ಪರ ನಿಂತಿತು. ಕೆರ್ ಅವರ ತಪ್ಪು ಯಾವುದೆಂದು ನಾನು ಬಹಳ ಯೋಚಿಸಿದ್ದೇನೆ. ಕೂಲಿಯ ದರದಲ್ಲಿ ಒಂದಿಷ್ಟು ಬಿಟ್ಟು ಒಂದಿಷ್ಟು ಹಿಡಿಯಬಹುದು. ಮಾತನಾಡುವ ಹಕ್ಕಿನಲ್ಲಿ ಅರ್ಧ ಕೊಟ್ಟು ಅರ್ಧ ಉಳಿಸಿಕೊಳ್ಳುವ ಲೆಕ್ಕವನ್ನು ಇಪ್ಪತ್ತರ ಹರೆಯದವರು ಒಪ್ಪುವುದಿಲ್ಲ. ಕೆರ್ ಅವರನ್ನು ಮೇಲೇರಿಸಿದ ಮಧ್ಯಸ್ಥಿಕೆಯ ಕಲೆಯೇ ಅಲ್ಲಿ ಕೈಕೊಟ್ಟಿತು. ಕಮ್ಯುನಿಸ್ಟ್ ಭಾಷಣಕಾರರ ಮೇಲಿದ್ದ ನಿಷೇಧವನ್ನು 1963ರಲ್ಲಿ ತೆಗೆಸಿದವರು ಇವರೇ ಎಂಬುದನ್ನು ನೆನೆದರೆ ಆ ಎಡವಟ್ಟು ಇನ್ನೂ ನೋವು ತರುತ್ತದೆ.

ಆ ಬಳಿಕ ಅವರು ಎರಡು ಬೆಂಕಿಗಳ ನಡುವೆ ಸಿಕ್ಕಿಬಿದ್ದರು. ವಿದ್ಯಾರ್ಥಿಗಳಿಗೆ ಅವರು ಯಂತ್ರದಂಥ ವ್ಯವಸ್ಥೆಯ ಯಜಮಾನರಾಗಿ ಕಂಡರು, ಸಂಪ್ರದಾಯಸ್ಥ ಮತದಾರರಿಗೆ ಪುಂಡರನ್ನು ಹತೋಟಿಗೆ ತರಲಾಗದ ದುರ್ಬಲರಾಗಿ ಕಂಡರು. ಬರ್ಕ್ಲಿಯ ಗದ್ದಲವನ್ನು ಸರಿಪಡಿಸುತ್ತೇನೆಂದು ಪ್ರಚಾರ ಮಾಡಿದ ರೊನಾಲ್ಡ್ ರೇಗನ್ 1966ರ ನವೆಂಬರ್‌ನಲ್ಲಿ ಗವರ್ನರ್ ಆಗಿ ಗೆದ್ದರು. ಪದನಿಮಿತ್ತ ಅವರು ರೀಜೆಂಟರ ಮಂಡಳಿಯ ಸದಸ್ಯರೂ ಆದರು. 1967ರ ಜನವರಿ 20ರಂದು ಮಂಡಳಿಯು 14ಕ್ಕೆ 8 ಮತಗಳಿಂದ ಕೆರ್ ಅವರನ್ನು ಆ ಕ್ಷಣದಿಂದಲೇ ವಜಾ ಮಾಡಿತು. ಎಫ್‌ಬಿಐ ಅವರ ವಿರುದ್ಧ ಗುಟ್ಟಾಗಿ ಕೆಲಸ ಮಾಡಿತ್ತೆಂಬುದು, ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಕೆರ್ ಅವರನ್ನು ಸಂಪುಟಕ್ಕೆ ತೆಗೆದುಕೊಳ್ಳಲು ಯೋಚಿಸಿದಾಗ ಸುಳ್ಳು ಆರೋಪಗಳನ್ನು ಶ್ವೇತಭವನಕ್ಕೆ ಕಳುಹಿಸಿತ್ತೆಂಬುದು ಹೊರಗೆ ಬಂದದ್ದು 2002ರಲ್ಲಿ, ಅವರು ತೊಂಬತ್ತು ದಾಟಿದ ಮೇಲೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲಿಂದ ಮುಂದಿದೆ. ವಜಾಗೊಂಡ ಕೆಲವೇ ದಿನಗಳಲ್ಲಿ ಅವರು ಉನ್ನತ ಶಿಕ್ಷಣದ ಕಾರ್ನೆಗಿ ಆಯೋಗದ ಮುಖ್ಯಸ್ಥರೆಂದು ಪ್ರಕಟವಾಯಿತು. ಬಡ ವಿದ್ಯಾರ್ಥಿಗಳಿಗೆ ಅಗತ್ಯವನ್ನು ನೋಡಿ ಕೇಂದ್ರ ಸರ್ಕಾರವು ನೇರವಾಗಿ ಧನಸಹಾಯ ಕೊಡಬೇಕೆಂದು ಆ ಆಯೋಗ ಒತ್ತಾಯಿಸಿತು. 1972ರ ಕಾನೂನಿನಿಂದ ಆರಂಭವಾಗಿ ಈಗ ಪೆಲ್ ಅನುದಾನ ಎನಿಸಿಕೊಂಡಿರುವ ಯೋಜನೆಯ ಹಿಂದೆ ಆ ಒತ್ತಾಯವೂ ಇದೆ. ವಿಶ್ವವಿದ್ಯಾಲಯಗಳನ್ನು ಸಂಶೋಧನೆಯ ಪ್ರಮಾಣಕ್ಕೆ ತಕ್ಕಂತೆ ವಿಂಗಡಿಸುವ ಕಾರ್ನೆಗಿ ವರ್ಗೀಕರಣ 1973ರಲ್ಲಿ ಮೊದಲು ಪ್ರಕಟವಾದದ್ದೂ ಅವರ ಕಾಲದಲ್ಲೇ. ಇಂದು ಅಮೆರಿಕಕ್ಕೆ ಓದಲು ಹೋಗುವವರು ಸಂಶೋಧನೆಯಲ್ಲಿ ಅತಿ ಮೇಲಿನ ವರ್ಗದ್ದನ್ನು ‘ಆರ್ ಒನ್’ ವಿಶ್ವವಿದ್ಯಾಲಯ ಎಂದು ಹೇಳುವಾಗ ಬಳಸುವುದು ಆ ಪರಂಪರೆಯ ಮಾತನ್ನೇ.

ನೀವು ಈ ದಾರಿ ಹಿಡಿಯುವ ಯೋಚನೆಯಲ್ಲಿದ್ದರೆ ಒಂದು ಮಾತು ಹೇಳುತ್ತೇನೆ. ನಿಮ್ಮ ವಿಷಯದಲ್ಲಿ ಖಾಯಂ ಹುದ್ದೆ ಗಟ್ಟಿಯಾಗುವವರೆಗೆ ಆಡಳಿತಕ್ಕೆ ಕೈ ಹಾಕಬೇಡಿ, ಏಕೆಂದರೆ ಮಂಡಳಿ ಅಧ್ಯಕ್ಷ ಪದವಿಯನ್ನು ಕಿತ್ತುಕೊಂಡ ದಿನ ನಿಮಗೆ ಮರಳಲು ಒಂದು ತರಗತಿ ಇರಬೇಕು. ಕೆರ್ ಅವರಿಗೆ ಅದು ಇತ್ತು. ವಜಾಗೊಂಡ ಮೇಲೆಯೂ ಅವರು ಬರ್ಕ್ಲಿಯ ಪ್ರಾಧ್ಯಾಪಕರಾಗಿಯೇ ಉಳಿದರು, 2003ರ ಡಿಸೆಂಬರ್ 1ರಂದು ತೀರಿಕೊಳ್ಳುವವರೆಗೂ ಅದೇ ಊರಿನ ಪಕ್ಕದಲ್ಲೇ ಬದುಕಿದರು. ಈಗ ಬರ್ಕ್ಲಿಯ ವಿದ್ಯಾರ್ಥಿ ನಿಲಯಗಳ ಒಂದು ದೊಡ್ಡ ಆವರಣಕ್ಕೆ ಅವರ ಹೆಸರಿದೆ.