ಪಿಕಪ್ ಕಟ್ಟಿ ಎಳೆದರೆ ಮರ ಬೀಳುವುದಿಲ್ಲವೇ?

ಮೇ ತಿಂಗಳ ಮೊದಲ ಗುಡುಗು ಕೇಳಿದ್ದೇ ತಡ, ಕರಾವಳಿಯವರಿಗೆಲ್ಲ ಮನೆಯ ಹಿಂದಿನ ಮರ ನೆನಪಾಗುತ್ತದೆ. ಈ ಸಲವೂ ಅದೇ ಪ್ರಶ್ನೆ, ಊರು ಮಾತ್ರ ಬೇರೆ ಬೇರೆ. ಮರ ಕೊಯ್ಯುವ ಮೆಷಿನ್ ಹಿಡಿಯುವುದು ಹೇಗೆ, ಹೆಲ್ಮೆಟ್ ಬೇಕೇ ಎಂಬುದನ್ನೆಲ್ಲ ನಾನು ಬರೆಯುವುದಿಲ್ಲ. ಅಷ್ಟೂ ತಿಳಿಯದವರು ಮರದ ಬುಡಕ್ಕೆ ಹೋಗಲೇಬಾರದು.

ಪ್ರಶ್ನೆ: ನಮ್ಮ ಹಲಸಿನ ಮರ ಹಂಚಿನ ಮಾಡಿನ ಕಡೆಗೆ ವಾಲಿದೆ. ತೋಟದ ಕಡೆಗೆ ಬೀಳಿಸಲೆಂದು ಮುಕ್ಕಾಲು ಕೊಯ್ಯಿಸಿದರೂ ಬೀಳಲಿಲ್ಲ, ಮೆಷಿನ್ ಕಚ್ಚಿಕೊಂಡು ನಿಂತಿತು. ಮಗನ ಪಿಕಪ್ ಇದೆ. ಮಲ್ಪೆಯಿಂದ ತಂದ ದೋಣಿಯ ನೈಲಾನ್ ಹಗ್ಗ ಕಟ್ಟಿ ಒಮ್ಮೆ ಜೋರಾಗಿ ಎಳೆದರೆ ಸಾಕಲ್ಲವೇ? (ಬ್ರಹ್ಮಾವರದ ಓದುಗರು)

ಸಾಲದು. ಮೆಷಿನ್ ಕಚ್ಚಿಕೊಂಡಿತು ಎಂದರೆ ಮರ ಆಗಲೇ ನಿಮ್ಮ ಮಾಡಿನ ಕಡೆಗೆ ಕುಳಿತಿದೆ ಎಂದರ್ಥ. ಮೊದಲು ಆ ಬದಿಯ ಕೋಣೆಗಳನ್ನು ಖಾಲಿ ಮಾಡಿ, ಉಳಿದದ್ದನ್ನು ಆಮೇಲೆ ಓದಿ.

ಲೆಕ್ಕ ಹಾಕೋಣ. ಮರ 3 ಟನ್ ಇದ್ದು, ಅದರ ಭಾರದ ಕೇಂದ್ರ ಬುಡದಿಂದ 1 ಮೀಟರ್ ಮನೆಯ ಕಡೆಗಿದೆ ಎಂದಿಟ್ಟುಕೊಳ್ಳಿ. ಹಗ್ಗವನ್ನು ಕೈಗೆಟಕುವ 2 ಮೀಟರ್ ಎತ್ತರದಲ್ಲಿ ಕಟ್ಟಿದರೆ ಒಂದೂವರೆ ಟನ್ ಎಳೆತ ಬೇಕು. 6 ಮೀಟರ್ ಎತ್ತರದಲ್ಲಿ ಕಟ್ಟಿದರೆ ಅರ್ಧ ಟನ್. ಖಾಲಿ ಪಿಕಪ್‌ನ ಹಿಂದಿನ ಚಕ್ರಗಳ ಮೇಲೆ ಮುಕ್ಕಾಲು ಟನ್ ಭಾರವಿದ್ದರೂ ಒದ್ದೆ ಮಣ್ಣಿನಲ್ಲಿ ಅದರ ಅರ್ಧದಷ್ಟು ಎಳೆತವೂ ಸಿಗುವುದಿಲ್ಲ. ಎಂಜಿನ್ ಎಷ್ಟೇ ಗರ್ಜಿಸಲಿ, ಟಯರ್ ಜಾರಿದ ಮೇಲೆ ಮಾತು ಮುಗಿಯಿತು. ಹಗ್ಗ 45 ಡಿಗ್ರಿ ಇಳಿಜಾರಿನಲ್ಲಿದ್ದರೆ ಅಡ್ಡ ಎಳೆತದಲ್ಲಿ ಇನ್ನೂ ಸುಮಾರು 30% ನಷ್ಟ.

ಅದಕ್ಕೇ ಎಲ್ಲರೂ ಹಗ್ಗ ಸಡಿಲ ಬಿಟ್ಟು ಗಾಡಿ ಓಡಿಸಿ ಜಗ್ಗುತ್ತಾರೆ. ಅನಾಹುತ ಆಗುವುದೇ ಆಗ. ನೈಲಾನ್ ಹಿಗ್ಗುತ್ತದೆ, ಗಾಡಿಯ ವೇಗವನ್ನೆಲ್ಲ ನುಂಗಿಕೊಂಡು ತುಂಡಾದರೆ ತುದಿಯ ಕಬ್ಬಿಣದ ಕೊಂಡಿ ಗುಂಡಿನಂತೆ ಹಾರಿ ಬರುತ್ತದೆ. ಗಂಟು ಹಾಕಿದ ಹಗ್ಗದ ಬಲ ಅರ್ಧದಷ್ಟು ಇಳಿಯಬಹುದು. ಬಿಸಿಲು, ಉಪ್ಪುನೀರು ತಿಂದ ಹಳೆಯ ಹಗ್ಗದ ಬಲವನ್ನು ಹೊರಗಿನಿಂದ ನೋಡಿ ಹೇಳುವವನು ಸುಳ್ಳುಗಾರ. ಹಗ್ಗ ತುಂಡಾಗದಿದ್ದರೂ ಕಾಂಡ ಉದ್ದಕ್ಕೆ ಸೀಳಿ, ಬುಡದಲ್ಲಿ ನಿಂತವನನ್ನು ಒದೆಯಬಹುದು.

ಹಾಗಾದರೆ ಪಿಕಪ್ ಬಳಸಲೇಬಾರದೇ? ನೆಟ್ಟಗಿರುವ ಅಥವಾ ತುಸುವೇ ವಾಲಿದ ಮರಕ್ಕೆ, ಕೊಯ್ಯುವ ಮೊದಲೇ ಹಗ್ಗ ಕಟ್ಟಿದ್ದರೆ ಬಳಸಬಹುದು. ಬೀಳಬೇಕಾದ ದಿಕ್ಕಿನಲ್ಲಿ ಕಾಂಡದ ಕಾಲು ಭಾಗದಷ್ಟು ಆಳಕ್ಕೆ ಬೆಣೆಯಾಕಾರದ ಕಚ್ಚು ಹಾಕಿ ಬಾಯಿ ತೆಗೆಯಬೇಕು. ಹಿಂದಿನಿಂದ ಕೊಯ್ಯುವಾಗ ದಪ್ಪದ ಹತ್ತನೇ ಒಂದರಷ್ಟು ಪಟ್ಟಿಯನ್ನು ಬಾಯಿಯ ಹಿಂದೆ ಅಡ್ಡಕ್ಕೆ ಕೊಯ್ಯದೆ ಉಳಿಸಬೇಕು, 50 ಸೆಂ.ಮೀ. ಕಾಂಡಕ್ಕೆ 5 ಸೆಂ.ಮೀ. ಮರಕ್ಕೆ ದಾರಿ ತೋರಿಸುವುದು ಆ ಪಟ್ಟಿಯೇ, ಹಗ್ಗವಲ್ಲ. ಅದನ್ನೂ ಕೊಯ್ದರೆ ಮರ ತನಗೆ ಬೇಕಾದ ಕಡೆ ಹೋಗುತ್ತದೆ. ಕೊಯ್ಯುವಾಗ ಹಗ್ಗ ಬಿಗಿಯಾಗಿದ್ದರಷ್ಟೇ ಸಾಕು. ಕೊಯ್ದು, ಬೆಣೆ ಹೊಡೆದು, ಕೊಯ್ದವನು ಓರೆಯಾಗಿ ಹಿಂದೆ ಸರಿದ ಮೇಲೆ ಗಾಡಿ ಮೊದಲ ಗೇರಿನಲ್ಲಿ ತೆವಳಲಿ. ಹಗ್ಗವನ್ನು ಬಂಪರಿಗಲ್ಲ, ಚಾಸಿಗೆ ಕಟ್ಟಬೇಕು. ಅದರ ಉದ್ದ ಮರದ ಎತ್ತರದ ಎರಡರಷ್ಟಿರಬೇಕು, ಇಲ್ಲವಾದರೆ ಮರ ಬೀಳುವುದು ಗಾಡಿಯ ಮೇಲೆ! ಅಷ್ಟು ಜಾಗವಿಲ್ಲದಿದ್ದರೆ ದೂರದ ಗಟ್ಟಿ ಮರದ ಬುಡಕ್ಕೆ ಕಪ್ಪಿ ಕಟ್ಟಿ, ಹಗ್ಗವನ್ನು ತಿರುಗಿಸಿ, ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ.

ನಿಮ್ಮ ಮರಕ್ಕೆ ಇದ್ಯಾವುದೂ ಈಗ ಅನ್ವಯಿಸದು. ಅದಕ್ಕೆ ಏಣಿ ಇಡಬೇಡಿ, ಯಾರನ್ನೂ ಹತ್ತಿಸಬೇಡಿ. ಕ್ರೇನ್ ಇರುವವರನ್ನು ಅಥವಾ ಕೈಯಿಂದ ಇಂಚಿಂಚೇ ಎಳೆಯುವ ವಿಂಚ್ ಬಲ್ಲವರನ್ನು ಕರೆಯಿರಿ. ವಿಂಚ್ ಜಾರುವುದಿಲ್ಲ, ಎಳೆದಷ್ಟನ್ನು ಹಿಡಿದು ನಿಲ್ಲುತ್ತದೆ. ಪಿಕಪ್‌ಗೆ ಆ ಗುಣವಿಲ್ಲ. ಅರ್ಧಕ್ಕೆ ಬಿಟ್ಟು ಹೋದ ಆ ಕೊಯ್ಯುವವನನ್ನು ಮತ್ತೆ ಕರೆಯಬೇಡಿ.

ಪ್ರಶ್ನೆ: ಕಾಂಡಕ್ಕೆ ತೂತು ಕೊರೆದು ಇಂಗು ತುಂಬಿಸಿ ಒಣಗಿಸಿದರೆ ಬೀಳಿಸುವುದು ಸುಲಭವಂತೆ? (ಕುಂದಾಪುರ)

ಇಂಗನ್ನು ಸಾರಿಗೆ ಹಾಕಿ. ಒಣಗಿದ ಮರ ಇನ್ನೂ ಅಪಾಯಕಾರಿ: ಉಳಿಸಿದ ಪಟ್ಟಿ ಬಾಗದೆ ಪಟ್ಟನೆ ಮುರಿಯುತ್ತದೆ, ಹಗ್ಗ ಅಲುಗಿದರೆ ಒಣ ಕೊಂಬೆ ತಲೆಯ ಮೇಲೆ ಬೀಳುತ್ತದೆ. ಈ ಸಲಹೆ ಕೊಟ್ಟವರಿಗೆ ದುಡ್ಡು ಕೊಟ್ಟಿದ್ದರೆ ವಾಪಸು ಕೇಳಿ.

ಪ್ರಶ್ನೆ: ತೆಂಗಿನ ಮರವನ್ನೂ ಹೀಗೇ ಎಳೆಯಬಹುದೇ? (ಉಳ್ಳಾಲ)

ಮನೆಗಳ ನಡುವೆ ಬೇಡ. ಹತ್ತುವವರು ಮೇಲಿನಿಂದ ತುಂಡು ತುಂಡಾಗಿ ಇಳಿಸಲಿ.

ಪ್ರಶ್ನೆ: ಕೊಂಬೆಗೆ ವಿದ್ಯುತ್ ತಂತಿ ತಾಗುತ್ತಿದೆ, ಹುಷಾರಾಗಿ ಎಳೆದರೆ? (ಮೂಡುಬಿದಿರೆ)

ಮೆಸ್ಕಾಂಗೆ ಫೋನ್ ಮಾಡಿ. ಅವರು ಲೈನ್ ಆಫ್ ಮಾಡುವವರೆಗೆ ಹಗ್ಗವನ್ನು ಹೊರಗೇ ತೆಗೆಯಬೇಡಿ.

ಪ್ರಶ್ನೆ: ನಮ್ಮದೇ ಜಾಗ, ನಮ್ಮದೇ ಮರ. ಅನುಮತಿ ಏಕೆ? (ಬಂಟ್ವಾಳ)

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಮರಕ್ಕೂ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ಮರ ಆ ಪಟ್ಟಿಯಲ್ಲಿದೆಯೇ ಎಂದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿ, ಮರ ಬಿದ್ದ ಮೇಲಲ್ಲ.