ಮ್ಯೂನಿಕ್‌ನಲ್ಲಿ ಬಾಡಿಗೆ ಏರಿಸುವ ಪತ್ರ ಬಂದರೆ

ನಿಮ್ಮ ಪ್ರಶ್ನೆ ಓದಿದೆ. ಮ್ಯೂನಿಕ್‌ಗೆ ಬಂದು ಒಂದೂವರೆ ವರ್ಷ ಆಗಿದೆ, ತಿಂಗಳಿಗೆ 1200 ಯೂರೋ ಬಾಡಿಗೆ. ಈಗ ಓನರ್ 1440 ಕೇಳಿ ಪತ್ರ ಕಳಿಸಿದ್ದಾರೆ, ಒಪ್ಪಿಗೆಗೆ ಸಹಿ ಬೇಕಂತೆ. ಆಫೀಸಿನ ಗೆಳೆಯರು "ಸುಮ್ನೆ ಸಹಿ ಹಾಕಿಬಿಡಿ, ಇಲ್ಲದಿದ್ದರೆ ಕೋರ್ಟಿಗೆ ಎಳೀತಾರೆ, ವೀಸಾಕ್ಕೂ ತೊಂದರೆ" ಅಂದಿದ್ದಾರೆ. ದಯವಿಟ್ಟು ಈಗಲೇ ಸಹಿ ಹಾಕಬೇಡಿ.

ವೀಸಾಕ್ಕೂ ಬಾಡಿಗೆ ಕೇಸಿಗೂ ಸಂಬಂಧವಿಲ್ಲ. ಬಾಡಿಗೆ ಏರಿಸುವ ಸಲುವಾಗಿ ಮನೆ ಖಾಲಿ ಮಾಡಿಸುವುದನ್ನು ಇಲ್ಲಿನ ಕಾನೂನು ನೇರವಾಗಿಯೇ ತಡೆದಿದೆ. ಬೆಂಗಳೂರಿನಲ್ಲಿ 11 ತಿಂಗಳ ಅಗ್ರಿಮೆಂಟ್ ಮುಗಿದ ಮೇಲೆ ಓನರ್ ಹೇಳಿದ್ದೇ ಬಾಡಿಗೆ, ಆಗಲ್ಲ ಅಂದರೆ ಗೇಟಿಗೆ ಟು-ಲೆಟ್ ಬೋರ್ಡು. ಆ ಅಂಜಿಕೆ ನಮ್ಮ ಜೊತೆ ವಿಮಾನ ಹತ್ತಿ ಬಂದಿರುತ್ತದೆ. ಇಲ್ಲಿ ನೀವು ಒಪ್ಪದಿದ್ದರೆ ಕೋರ್ಟಿಗೆ ಹೋಗಬೇಕಾದವರು ಓನರ್. ಕೇಳಿದ ಬಾಡಿಗೆ ಸರಿ ಅಂತ ತೋರಿಸಬೇಕಾದವರೂ ಅವರೇ.

ಮೊದಲು ಅಗ್ರಿಮೆಂಟ್ ತೆಗೆದು ನೋಡಿ. ಶ್ಟಾಫೆಲ್‌ಮೀಟೆ, ಅಂದರೆ ವರ್ಷಕ್ಕಿಷ್ಟು ಅಂತ ಮೊದಲೇ ಬರೆದಿದ್ದರೆ, ಅಥವಾ ಬೆಲೆ ಏರಿಕೆಗೆ ತಕ್ಕಂತೆ ಏರುವ ಇಂಡೆಕ್ಸ್‌ಮೀಟೆ ಆಗಿದ್ದರೆ, ನಾನು ಹೇಳುವ ಲೆಕ್ಕ ನಡೆಯುವುದಿಲ್ಲ. ಎರಡೂ ಅಲ್ಲ ಅಂದುಕೊಂಡು ಮುಂದೆ ಹೇಳುತ್ತೇನೆ. ಹೀಟಿಂಗ್, ನೀರಿನ ಖರ್ಚು ಬಿಟ್ಟು ಬರೀ ಬಾಡಿಗೆಯೇ 1200 ಅಂತಲೂ ಇಟ್ಟುಕೊಂಡಿದ್ದೇನೆ.

ಜರ್ಮನಿಯಲ್ಲಿ 3 ವರ್ಷದಲ್ಲಿ ಬಾಡಿಗೆ ಶೇ. 20ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ. ಮನೆಗಳಿಗೆ ಪರದಾಟ ಇರುವ ಊರುಗಳಲ್ಲಿ ಈ ಮಿತಿ ಶೇ. 15. ಮ್ಯೂನಿಕ್ ಆ ಪಟ್ಟಿಯಲ್ಲಿದೆ. ಹಾಗಾಗಿ ನಿಮಗೆ ಗರಿಷ್ಠ 1380. ಅಷ್ಟಾದರೂ ಕೊಡಲೇಬೇಕು ಅಂತಲ್ಲ. ಆ ಮೊತ್ತ ಊರಿನ ಸಾಮಾನ್ಯ ಬಾಡಿಗೆಯ ಒಳಗಿರಬೇಕು. ಅದನ್ನು ತೋರಿಸುವುದು ನಗರಪಾಲಿಕೆ ಹೊರಡಿಸುವ ಮೀಟ್‌ಶ್ಪೀಗೆಲ್ ಎಂಬ ಬಾಡಿಗೆ ಪಟ್ಟಿ. ಕಳೆದ 6 ವರ್ಷದಲ್ಲಿ ಹೊಸದಾಗಿ ಒಪ್ಪಿಕೊಂಡ ಅಥವಾ ಬದಲಾದ ಬಾಡಿಗೆಗಳ ಮೇಲೆ ಅದನ್ನು ಮಾಡುತ್ತಾರೆ. ಕಟ್ಟಡ ಕಟ್ಟಿದ ವರ್ಷ, ಏರಿಯಾ, ವಿಸ್ತೀರ್ಣ, ಸೌಕರ್ಯ ಎಲ್ಲ ತುಂಬಿದರೆ ಆನ್‌ಲೈನ್‌ನಲ್ಲೇ ನಿಮ್ಮ ಮನೆಯ ಲೆಕ್ಕ ಬರುತ್ತದೆ. ಬರ್ಲಿನ್‌ನಲ್ಲಿ ಬಾಡಿಗೆ ಏರಿಸುವ ಹಾಗೇ ಇಲ್ಲವಂತೆ ಅಂತ ಕೇಳಿದ್ದೀರಿ. 2020ರ ಆ ಕಾನೂನನ್ನು ಸಂವಿಧಾನ ಕೋರ್ಟ್ 2021ರಲ್ಲೇ ರದ್ದು ಮಾಡಿತು. ಎಷ್ಟೋ ಬಾಡಿಗೆದಾರರು ಉಳಿಸಿದ ದುಡ್ಡನ್ನು ವಾಪಸ್ ಕಟ್ಟಬೇಕಾಯಿತು. ಅದನ್ನು ನೆಚ್ಚಬೇಡಿ.

ನಿಮ್ಮದು ಇಳಿಜಾರು ಸೂರಿನ ಕೆಳಗಿನ ಮನೆ ಅಂದಿದ್ದೀರಿ. ನಮ್ಮ ಹಿಂದಿನ ಮನೆಯೂ ಅಂಥದ್ದೇ, ಅದರ ಬಾಡಿಗೆ ಜಗಳ ಇಲ್ಲಿನ ಕೆಳಹಂತದ ಕೋರ್ಟಿಗೆ ಹೋಗಿತ್ತು. ಅಗ್ರಿಮೆಂಟಿನಲ್ಲಿ 80 ಚದರ ಮೀಟರ್ ಅಂತಿತ್ತು. ಜಡ್ಜ್ ನೇಮಿಸಿದ ತಜ್ಞರು ಲೇಸರ್ ಮೀಟರ್ ಹಿಡಿದು ಬಂದರು. ಮಗಳ ಮಂಚ ಪಕ್ಕಕ್ಕೆ ಸರಿಸಿ ಸೂರಿನ ಮೂಲೆಗೆ ಮಂಡಿಯೂರಿ ಅಳೆದರು. ಎತ್ತರ 1 ಮೀಟರಿಗಿಂತ ಕಡಿಮೆ ಇರುವ ಜಾಗ ಲೆಕ್ಕಕ್ಕೇ ಇಲ್ಲ. 1ರಿಂದ 2 ಮೀಟರ್ ಒಳಗಿನದು ಅರ್ಧ. ಬಾಲ್ಕನಿ ಸಾಮಾನ್ಯವಾಗಿ ಕಾಲು ಭಾಗ. ಕೊನೆಗೆ ಸಿಕ್ಕಿದ್ದು 71. ಬಾಡಿಗೆ ಏರಿಸುವಾಗ ಕಾಗದದ ವಿಸ್ತೀರ್ಣ ನಡೆಯಲ್ಲ, ನಿಜವಾದ ವಿಸ್ತೀರ್ಣವೇ ಬೇಕು ಅಂತ ಜರ್ಮನಿಯ ಸರ್ವೋಚ್ಚ ಸಿವಿಲ್ ಕೋರ್ಟ್ 2015ರಲ್ಲೇ ಹೇಳಿದೆ. ಜಡ್ಜ್ ಮುಂದೆ ಇಬ್ಬರೂ ನಡುವಿನ ಒಂದು ಮೊತ್ತಕ್ಕೆ ರಾಜಿಯಾದೆವು. ಅದಾದ ಮೇಲೂ ಓನರ್ ಮೆಟ್ಟಿಲಲ್ಲಿ ಸಿಕ್ಕಾಗ ಎಂದಿನಂತೆ ಮಾತಾಡಿಸುತ್ತಿದ್ದರು. ಕೋರ್ಟಿಗೆ ಹೋದರೆ ಹಗೆತನ ಅನ್ನುವ ನಮ್ಮ ಕಡೆಯ ಭಾವನೆ ಇಲ್ಲಿ ಅಷ್ಟಾಗಿ ಇಲ್ಲ.

ಆದರೆ ಹಟಕ್ಕೆ ಬೀಳಬೇಡಿ. ತಜ್ಞರ ಫೀಸು ಜಾಸ್ತಿ, ಜಗಳದ ಮೊತ್ತವನ್ನೇ ಮೀರಬಹುದು. ಸೋತಷ್ಟು ಪಾಲಿನ ಖರ್ಚು ಸೋತವರ ತಲೆಗೆ. ಪಟ್ಟಿಯ ಲೆಕ್ಕದಲ್ಲಿ 1310 ಬಂದರೆ 1310ಕ್ಕೆ ಒಪ್ಪಿ ಬರೆದುಕೊಡಿ. ಅವರಿಗೆ ನ್ಯಾಯವಾಗಿ ಬರಬೇಕಾದ್ದು ಬರಲಿ. ಉಳಿದದ್ದು ಬೇಕಿದ್ದರೆ ಅವರು ಕೋರ್ಟಿಗೆ ಹೋಗಲಿ.

ಪತ್ರ ಮಾರ್ಚ್‌ನಲ್ಲಿ ಕೈಸೇರಿದ್ದರೆ ಮೇ ಕೊನೆವರೆಗೆ ಯೋಚಿಸಲು ಟೈಮ್ ಇದೆ. ಒಪ್ಪಿದ ಹೊಸ ಬಾಡಿಗೆ ಜೂನ್‌ನಿಂದ. ಒಪ್ಪದಿದ್ದರೆ ಓನರ್ ಆಗಸ್ಟ್ ಕೊನೆಯೊಳಗೆ ಕೇಸ್ ಹಾಕಬೇಕು. ಅಲ್ಲಿವರೆಗೆ 1200 ತಪ್ಪದೆ ಕಟ್ಟಿ. ಎರಡು ತಿಂಗಳ ಬಾಡಿಗೆ ಬಾಕಿ ಬಿದ್ದರೆ ಮನೆಯೇ ಕೈತಪ್ಪಬಹುದು. ಹಾಗೇ, ಹೆದರಿ 1440 ಹಾಕಲೂ ಬೇಡಿ. ಕೆಲವು ತಿಂಗಳು ಮಾತಾಡದೆ ಕಟ್ಟಿದರೆ ಅದೇ ಒಪ್ಪಿಗೆ ಅಂತ ಕೋರ್ಟ್ ತಿಳಿಯಬಹುದು.

ಈ ವಾರವೇ ಬಾಡಿಗೆದಾರರ ಸಂಘಕ್ಕೆ ಸೇರಿ. ಇಲ್ಲಿನವರು ಮೀಟರ್‌ಫೆರಾಯ್ನ್ ಅನ್ನುತ್ತಾರೆ. ಅಲ್ಲಿನ ವಕೀಲರು ಪತ್ರ ಓದಿ ಸಲಹೆ ಕೊಡುತ್ತಾರೆ. ಕೋರ್ಟ್ ಖರ್ಚಿನ ವಿಮೆ ಮಾತ್ರ ಈಗಾಗಲೇ ಶುರುವಾದ ಜಗಳಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಹೋಗುವ ಮೊದಲು ಟೇಪ್ ಹಿಡಿದು ಮನೆ ಅಳೆದುಕೊಳ್ಳಿ, ಸೂರಿನ ಎತ್ತರವನ್ನೂ ಕೋಣೆವಾರು ಬರೆದುಕೊಳ್ಳಿ. ಅಗ್ರಿಮೆಂಟ್, ಓನರ್ ಪತ್ರ, ಅದು ಬಂದ ತಾರೀಖು ಇವೂ ಜೊತೆಗಿರಲಿ.